ಇಪ್ಪತ್ತು ಸಾವಿರದೊಳಗೆ ಫೋನ್: ಅಮೋಲೆಡ್ ಸ್ಕ್ರೀನ್‌ಗೆ ಹೋಗಲೋ, ಎಲ್‌ಸಿಡಿಯಲ್ಲೇ ಇರಲೋ?

ದುರ್ಗದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರ ಹೈಸ್ಕೂಲು ಮೇಷ್ಟ್ರು ನಾನು. ಈಗಿರೋ ಎಲ್‌ಸಿಡಿ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡ್ತಿದೆ, ಚಾರ್ಜಿಂಗ್ ಪಿನ್ನೂ ಸಡಿಲ. ಹೊಸದು ತಗೊಳ್ಳೋದು ಖಾಯಂ. ಬಜೆಟ್ 18ರಿಂದ 20 ಸಾವಿರ. ಗೇಮ್ ಆಡಲ್ಲ, ಕ್ಯಾಮೆರಾ ಸುಮಾರಾಗಿದ್ರೂ ನಡೆಯುತ್ತೆ. ಸ್ಕ್ರೀನ್ ಒಂದು ಚೆನ್ನಾಗಿರಬೇಕು.

ರಾತ್ರಿ ಊಟ ಆದ ಮೇಲೆ ಪಿಡಿಎಫ್ ಓದೋದು, ಮಕ್ಕಳ ನೋಟ್ಸ್ ನೋಡೋದು, ಕನ್ನಡದಲ್ಲಿ ಟೈಪ್ ಮಾಡೋದು, ಇಷ್ಟೇ ನನ್ನ ಬಳಕೆ. ಆದ್ರೆ ಹಗಲಲ್ಲೂ ಕೆಲಸ ಬೀಳುತ್ತೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದಾಗ ಅಂಗಳದಲ್ಲಿ ನಿಂತು ಆ್ಯಪ್ ತುಂಬಬೇಕಿತ್ತು. ದುರ್ಗದ ಬಿಸಿಲು ನಿಮಗೆ ಗೊತ್ತಲ್ಲ, ಟವೆಲ್ ತಲೆ ಮೇಲೆ ಹಾಕ್ಕೊಂಡು ಅದರ ನೆರಳಲ್ಲಿ ಒಟಿಪಿ ಓದಿದ್ದೀನಿ.

ಅಂಗಡಿಯಲ್ಲಿ ಅಮೋಲೆಡ್ ಕೈಗೆ ಕೊಟ್ರು, ಕಣ್ಣು ಕೋರೈಸೋ ಹಾಗಿತ್ತು. ಆದ್ರೆ ನಮ್ಮ ಭಾವನ ಹತ್ರ ಅಂಥದ್ದೇ ಫೋನಿದೆ, ರಾತ್ರಿ ಲೈಟ್ ಆರಿಸಿ ಅದರಲ್ಲಿ ಓದಿದ್ರೆ ಅರ್ಧ ಗಂಟೆಗೇ ಹುಬ್ಬಿನ ಹಿಂದೆ ನೋವು ಶುರು. ನನ್ನ ಎಲ್‌ಸಿಡಿಯಲ್ಲಿ ಹಾಗಾಗಲ್ಲ. ಅಂಗಡಿಯವರನ್ನ ಕೇಳಿದ್ರೆ ನಕ್ಕು ಸುಮ್ಮನಾದ್ರು. ಗೊತ್ತಿದ್ದವರು ಬಿಡಿಸಿ ಹೇಳಿ.

ಜಯನಗರ_ಗ್ಯಾಜೆಟ್

ಸರ್, ಯೋಚನೆನೇ ಮಾಡ್ಬೇಡಿ, ಅಮೋಲೆಡ್. ಒನ್‌ಪ್ಲಸ್ ನಾರ್ಡ್ ಸಿಇ 3 ಲೈಟ್ 2023ರಲ್ಲಿ 19,999ಕ್ಕೆ ಬಂದಾಗ ಎಲ್‌ಸಿಡಿ ಇತ್ತು. ಮರುವರ್ಷ ಅದೇ ಬೆಲೆಗೆ ಸಿಇ 4 ಲೈಟ್ ಬಂತು, ಅಮೋಲೆಡ್. ಸ್ಯಾಮ್‌ಸಂಗ್ ಎಫ್15 2024ರಲ್ಲಿ 12,999ಕ್ಕೇ ಅಮೋಲೆಡ್ ಕೊಡ್ತು. ಆಪಲ್‌ನವರು 2025ರ ಫೆಬ್ರವರಿಯಲ್ಲಿ ಐಫೋನ್ 16ಇ ತಂದು ಎಲ್‌ಸಿಡಿ ಇದ್ದ ಐಫೋನ್ ಎಸ್‌ಇ ನಿಲ್ಲಿಸಿದ್ರು, ಅಲ್ಲಿಗೆ ಐಫೋನ್‌ನಲ್ಲೂ ಎಲ್‌ಸಿಡಿ ಕಥೆ ಮುಗೀತು. ಈಗ 20 ಸಾವಿರ ಕೊಟ್ಟು ಎಲ್‌ಸಿಡಿ ತಗೊಂಡ್ರೆ ಮನೇಲಿ ಮಕ್ಕಳು ಆಡ್ಕೋತಾರೆ 😄

ಪಿಕ್ಸೆಲ್_ಪುರಾಣ

ಗ್ಯಾಜೆಟ್ ಅವರೇ, ಮಾರುಕಟ್ಟೆ ಎತ್ತ ಹೋಗ್ತಿದೆ ಅನ್ನೋದು ನೀವು ಹೇಳಿದ ಹಾಗೆಯೇ. ಮೇಷ್ಟ್ರು ಕೇಳಿದ್ದು ಬೇರೆ. ಸ್ವಲ್ಪ ಒಳಗಿನ ವಿಚಾರ ಬರೀತೀನಿ, ಉದ್ದ ಆದ್ರೆ ಸಹಿಸಿಕೊಳ್ಳಿ.

ಎಲ್‌ಸಿಡಿಯಲ್ಲಿ ಪಿಕ್ಸೆಲ್‌ಗೆ, ಅಂದ್ರೆ ಪರದೆಯ ಒಂದೊಂದು ಚುಕ್ಕೆಗೆ, ಸ್ವಂತ ಬೆಳಕಿಲ್ಲ. ಅಂಚಿನಲ್ಲಿ ಬಿಳಿ ಎಲ್‌ಇಡಿಗಳ ಸಾಲು, ಆ ಬೆಳಕನ್ನ ಇಡೀ ಪರದೆಗೆ ಹರಡೋ ಒಂದು ಹಾಳೆ, ಅದರ ಮುಂದೆ ಎರಡು ಪೋಲರೈಸರ್ (ಬೆಳಕನ್ನ ಒಂದೇ ದಿಕ್ಕಿಗೆ ಸೋಸೋ ಹಾಳೆ), ಆ ಎರಡರ ನಡುವೆ ದ್ರವ ಹರಳು. ವಿದ್ಯುತ್ ಕೊಟ್ಟ ಹಾಗೆ ಹರಳು ತಿರುಗಿ ಬೆಳಕನ್ನ ಬಿಡುತ್ತೆ ಅಥವಾ ತಡೆಯುತ್ತೆ. ಪೂರ್ತಿ ತಡೆಯೋಕೆ ಆಗಲ್ಲ, ಸ್ವಲ್ಪ ಸೋರುತ್ತೆ. ಕತ್ತಲೆ ಕೋಣೆಯಲ್ಲಿ ಎಲ್‌ಸಿಡಿಯ ಕಪ್ಪು ಬೂದು ಬಣ್ಣಕ್ಕೆ ತಿರುಗಿ ಕಾಣೋದು ಅದಕ್ಕೇ.

ಅಮೋಲೆಡ್‌ನಲ್ಲಿ ಪ್ರತಿ ಉಪಪಿಕ್ಸೆಲ್ಲೂ (ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕೆ) ಸಾವಯವ ವಸ್ತುವಿನಿಂದ ಮಾಡಿದ ಪುಟ್ಟ ದೀಪ. ಕಪ್ಪು ಅಂದ್ರೆ ದೀಪ ಆರಿದೆ ಅಂತ. ಇದರ ಮೂಲ ಕೆಲಸ 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅವರದ್ದು. ಫಿಲ್ಮ್ ರೋಲ್ ಮಾರಿ ಹೆಸರಾದ ಕಂಪನಿಯ ಪ್ರಯೋಗಾಲಯದಿಂದ ಬಂದದ್ದು ಅನ್ನೋದು ನನಗೆ ಯಾವಾಗ್ಲೂ ಮಜಾ ಅನ್ನಿಸುತ್ತೆ, ಇರಲಿ.

ಈಗ ಬ್ಯಾಟರಿ. "ಅಮೋಲೆಡ್ ಬ್ಯಾಟರಿ ಉಳಿಸುತ್ತೆ" ಅನ್ನೋ ಮಾತು ಅರ್ಧ ಸತ್ಯ. ಎಲ್‌ಸಿಡಿಯಲ್ಲಿ ಪರದೆ ಮೇಲೆ ಏನಿದ್ರೂ ಹಿಂದಿನ ದೀಪ ಒಂದೇ ಸಮ ಉರಿಯುತ್ತೆ. ಅಮೋಲೆಡ್‌ನಲ್ಲಿ ಏನು ತೋರಿಸ್ತಿದೆ ಅನ್ನೋದರ ಮೇಲೆ ಖರ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ, ಬ್ರೈಟ್‌ನೆಸ್ ಶೇ 30ರಿಂದ 50ರಲ್ಲಿ ಇಟ್ಟವರಿಗೆ ಡಾರ್ಕ್ ಮೋಡ್‌ನಿಂದ ಉಳಿತಾಯ ಬರೀ ಶೇ 3ರಿಂದ 9. ಶೇ 100ರಲ್ಲಿ ಇಟ್ಟರೆ ಶೇ 39ರಿಂದ 47. ಮೇಷ್ಟ್ರು ಬಿಳಿ ಹಾಳೆಯ ಪಿಡಿಎಫ್ ಓದೋರು. ಬಿಳಿ ಹಾಳೆ ಅಂದ್ರೆ ಎಲ್ಲ ದೀಪಗಳೂ ಹತ್ತಿರುತ್ತವೆ. ಬ್ಯಾಟರಿ ಉಳಿಯುತ್ತೆ ಅನ್ನೋ ಒಂದೇ ಕಾರಣಕ್ಕೆ ಅಮೋಲೆಡ್ ತಗೊಂಡ್ರೆ ಅವರಿಗೆ ಅದು ಸಿಗಲ್ಲ.

ಕಾಂಬೋ_ಕಾಕಾ

ನಮಸ್ಕಾರ್ರೀ ಸರ. ಹುಬ್ಬಳ್ಳ್ಯಾಗ ನಂದು ಮೊಬೈಲ್ ರಿಪೇರಿ ಅಂಗಡಿ ಐತಿ. ಇಲ್ಲಿ ಎಲ್ಲಾರೂ ಹೊಸಾ ಫೋನಿನ ಮಾತಾಡಾಕತ್ತೀರಿ, ನಾ ಒಡದ ಫೋನಿನ ಮಾತ್ ಹೇಳ್ತೇನಿ.

ಡಿಸ್‌ಪ್ಲೇ ಟಚ್ ಕೂಡೇ ಬರೋ ಜೋಡಿಗೆ ನಾವು ಕಾಂಬೋ ಅಂತೀವಿ. ನಿಮ್ಮ ಬಜೆಟಿನ ಎಲ್‌ಸಿಡಿ ಫೋನಿಗೆ ಚಲೋ ಕಾಂಬೋ ಹಾಕಿ ಕೊಡಾಕ 1,500ರಿಂದ 2,500 ಆಗ್ತೈತಿ ನಮ್ಮಲ್ಲಿ. ಅದ ರೇಟಿನ ಅಮೋಲೆಡ್ ಫೋನಿಗೆ ಒರಿಜಿನಲ್ ಹಾಕಬೇಕಂದ್ರ 5 ಸಾವಿರದ ಮ್ಯಾಲೇ ಹೋಗ್ತೈತಿ, ಬಾಗಿದ ಅಂಚಿನ ಡಿಸ್‌ಪ್ಲೇ ಇದ್ರಂತೂ ಕೇಳಬ್ಯಾಡ್ರಿ. 20 ಸಾವಿರದ ಫೋನಿಗೆ ಕಾಲು ಭಾಗಕ್ಕಿಂತ ಹೆಚ್ಚು ಡಿಸ್‌ಪ್ಲೇಕ್ಕ ಕೊಡು ಅಂದ್ರ ಗಿರಾಕಿ ಮುಖ ಹೆಂಗಾಗ್ತೈತಿ ನಾ ದಿನಾ ನೋಡ್ತೇನಿ.

ಆಮ್ಯಾಲ ಅವ್ರು ಕೇಳೋದು ಒಂದ ಮಾತು: "ಕಾಕಾ, ಅಗ್ಗದ್ದು ಇಲ್ಲೇನು?" ಐತ್ರಿ. ಅಮೋಲೆಡ್ ಇದ್ದ ಫೋನಿಗೆ ಎಲ್‌ಸಿಡಿ ಕಾಂಬೋ ಬರ್ತಾವು, ಇನ್‌ಸೆಲ್ ಅಂತಾರ. ಹಾಕಿದ್ರ ಏನಾಗ್ತೈತಿ ಅಂದ್ರ, ಅದು ದಪ್ಪ, ಫ್ರೇಮಿನಾಗ ಸರಿಯಾಗಿ ಕೂಡಂಗಿಲ್ಲ. ಡಿಸ್‌ಪ್ಲೇ ಕೆಳಗಿನ ಬೆರಳಚ್ಚು ಬಂದ್ ಆಗ್ತೈತಿ, ಯಾಕಂದ್ರ ಅದು ಡಿಸ್‌ಪ್ಲೇ ಮೂಲಕ ಬೆರಳು ನೋಡಬೇಕು, ಎಲ್‌ಸಿಡಿ ಹಿಂದ ಬ್ಯಾಕ್‌ಲೈಟ್ ಹಾಳಿ ಅಡ್ಡ ಇರ್ತೈತಿ. ಬ್ಯಾಟರಿನೂ ಲಗೂ ಇಳೀತೈತಿ. ಕೆಲವು ಅಂಗಡ್ಯಾಗ ಹೇಳಲಾರದ ಹಾಕಿ ಕಳಸ್ತಾರ. ಎಲ್ಲೇ ಮಾಡಿಸ್ರಿ, ಫೋನ್ ತಗೊಳ್ಳೋ ಮುಂದ ಕತ್ತಲ್ಯಾಗ ಕಪ್ಪು ಫೋಟೋ ತಗದು ನೋಡ್ರಿ. ಡಿಸ್‌ಪ್ಲೇ ಬೂದಿ ಬಣ್ಣ ಹೊಳದ್ರ ಅದು ಅಮೋಲೆಡ್ ಅಲ್ಲ.

ಫೋನ್ ಆರಿಸೋ ಮುಂದ ಆ ಕಂಪನಿ ಸರ್ವಿಸ್ ಸೆಂಟರಿಗೆ ಒಂದು ಫೋನ್ ಹಚ್ಚಿ ಡಿಸ್‌ಪ್ಲೇ ರೇಟ್ ಕೇಳ್ರಿ. ಕೆಲವು ಕಂಪನಿಯವ್ರು ವೆಬ್‌ಸೈಟಿನಾಗೂ ಹಾಕಿರ್ತಾರ. ಯಾರೂ ಕೇಳಂಗಿಲ್ಲ.

ದುರ್ಗದ_ಮೇಷ್ಟ್ರು

ಕಾಕಾ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಪಿಕ್ಸೆಲ್ ಅವರೇ, ಬ್ಯಾಟರಿ ವಿಚಾರಕ್ಕೂ ಧನ್ಯವಾದ. ಆದ್ರೆ ತಲೆನೋವಿನ ಪ್ರಶ್ನೆ ಹಾಗೇ ಉಳೀತು. ಅದು ನಿಜಾನಾ, ಅಥವಾ ನನ್ನ ವಯಸ್ಸಾ?

ಜಯನಗರ_ಗ್ಯಾಜೆಟ್

ಸರ್ ಬೇಜಾರ್ ಮಾಡ್ಕೋಬೇಡಿ, ಅದು ಮನಸ್ಸಿಗೆ ಸಂಬಂಧಿಸಿದ್ದು. ಕೋಟ್ಯಂತರ ಜನ ಅಮೋಲೆಡ್ ಬಳಸ್ತಿದ್ದಾರೆ, ಎಲ್ರಿಗೂ ತಲೆನೋವಾ?

ರಾತ್ರಿಪಾಳಿ_ಸಿಸ್ಟರ್

ಎಲ್ರಿಗೂ ಆಗಲ್ಲ, ಕೆಲವರಿಗೆ ಆಗುತ್ತೆ. ನನಗೆ ಆಗುತ್ತೆ. ಮನಸ್ಸಿಗೆ ಸಂಬಂಧಿಸಿದ್ದು ಅಂತ ಬೇರೆಯವರ ನೋವಿಗೆ ಹೇಳೋದು ಸುಲಭ ತಮ್ಮಾ.

ಮೇಷ್ಟ್ರೇ, ಇದಕ್ಕೆ ಕಾರಣ ಪಿಡಬ್ಲ್ಯುಎಂ ಅನ್ನೋದು ಇರಬಹುದು. ಅಮೋಲೆಡ್‌ನಲ್ಲಿ ಬೆಳಕು ಕಮ್ಮಿ ಮಾಡೋಕೆ ಎರಡು ದಾರಿ. ಒಂದು, ದೀಪಕ್ಕೆ ಹೋಗೋ ಕರೆಂಟ್ ತಗ್ಗಿಸೋದು. ಇದನ್ನ ಡಿಸಿ ಡಿಮ್ಮಿಂಗ್ ಅಂತಾರೆ. ತೀರಾ ತಗ್ಗಿಸಿದ್ರೆ ಬಣ್ಣ ಕೆಡುತ್ತೆ, ಪರದೆ ಅಲ್ಲಲ್ಲಿ ಮಚ್ಚೆ ಮಚ್ಚೆ ಕಾಣುತ್ತೆ. ಅದಕ್ಕೆ ಬಹಳ ಕಂಪನಿಗಳು ಎರಡನೇ ದಾರಿ ಹಿಡಿತಾರೆ: ದೀಪವನ್ನ ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸೋದು. ಇದೇ ಪಿಡಬ್ಲ್ಯುಎಂ. ನಲ್ಲಿಯನ್ನ ಅರ್ಧ ತಿರುಗಿಸೋ ಬದಲು ಪೂರ್ತಿ ಬಿಟ್ಟು, ಪೂರ್ತಿ ನಿಲ್ಲಿಸಿ, ಮತ್ತೆ ಬಿಟ್ಟು ಬಿಂದಿಗೆ ತುಂಬಿಸಿದ ಹಾಗೆ. ಬ್ರೈಟ್‌ನೆಸ್ ಕಮ್ಮಿ ಮಾಡಿದಷ್ಟೂ ಆರಿರೋ ಹೊತ್ತು ಜಾಸ್ತಿ. ರಾತ್ರಿ ಲೈಟ್ ಆರಿಸಿ, ಬ್ರೈಟ್‌ನೆಸ್ ತಳಕ್ಕೆ ಇಳಿಸಿ ಓದುವಾಗಲೇ ನಿಮಗೆ ನೋವು ಬರ್ತಿದೆಯಲ್ಲ, ಲೆಕ್ಕ ಸರಿಹೊಂದುತ್ತೆ.

ಹಳೇ ಸ್ಯಾಮ್‌ಸಂಗ್ ಅಮೋಲೆಡ್‌ಗಳಲ್ಲಿ ಇದು ಸುಮಾರು 240 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 240 ಸಲ), ಐಫೋನ್‌ಗಳಲ್ಲಿ 480ರ ಆಸುಪಾಸು. 2023ರ ಆನರ್ 90 ಫೋನಿನಲ್ಲಿ 3840 ಅಂತ ಜಾಹೀರಾತು ಮಾಡಿದ್ರು. ಹೆಚ್ಚಿದ್ದಷ್ಟೂ ಒಳ್ಳೇದು ಅನ್ನೋಕೆ ಒಂದು ಆಧಾರ ಇದೆ: ಐಇಇಇ ಅನ್ನೋ ಎಂಜಿನಿಯರ್‌ಗಳ ಸಂಸ್ಥೆಯ 1789 ಅನ್ನೋ 2015ರ ಶಿಫಾರಸಿನ ಪ್ರಕಾರ ಸುಮಾರು 3000 ಹರ್ಟ್ಸ್ ದಾಟಿದ್ರೆ ಮಿಣುಕಿನಿಂದ ತೊಂದರೆ ಇಲ್ಲ. ಅದು ಎಲ್‌ಇಡಿ ದೀಪಗಳಿಗೆ ಬರೆದದ್ದು, ಫೋನಿಗಲ್ಲ, ಆದ್ರೂ ಎಲ್ಲರೂ ಅದನ್ನೇ ಹಿಡ್ಕೊಂಡಿದ್ದಾರೆ. ಬರೀ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಎಷ್ಟು ಆಳಕ್ಕೆ ಆರುತ್ತೆ ಅನ್ನೋದೂ ಮುಖ್ಯ. ಕೆಲವು ಫೋನಲ್ಲಿ ಆ ದೊಡ್ಡ ಸಂಖ್ಯೆ ಯಾವುದೋ ಒಂದು ಬ್ರೈಟ್‌ನೆಸ್ ಹಂತದಲ್ಲಿ ಮಾತ್ರ ಇರುತ್ತೆ.

ಅಂಗಡಿಯಲ್ಲೇ ನೋಡೋ ಉಪಾಯ ಹೇಳ್ತೀನಿ. ನಿಮ್ಮ ಹಳೇ ಫೋನಿನ ಕ್ಯಾಮೆರಾದಲ್ಲಿ ಪ್ರೋ ಮೋಡ್ ಇದ್ರೆ ಶಟರ್ 1/2000ಕ್ಕೆ ಇಡಿ. ಹೊಸ ಫೋನಲ್ಲಿ ಬಿಳಿ ಪುಟ ತೆಗೆದು ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ. ಕ್ಯಾಮೆರಾದಲ್ಲಿ ನೋಡಿದ್ರೆ ಪಟ್ಟೆಗಳು ಕಾಣ್ತವೆ. ದಪ್ಪ ದಪ್ಪ ಕಪ್ಪು ಪಟ್ಟೆ, ಅಗಲ ಅಂತರ ಇದ್ರೆ ನಿಮ್ಮಂಥವರಿಗೆ, ನನ್ನಂಥವರಿಗೆ ಬೇಡ. ಸಣ್ಣ ಸಣ್ಣ, ಮಸುಕು ಗೆರೆ ಇದ್ರೆ ಪರವಾಗಿಲ್ಲ. ಅಂಗಡಿಯವನು ವಿಚಿತ್ರವಾಗಿ ನೋಡ್ತಾನೆ, ನೋಡಲಿ.

ನಾನು ವಾರ್ಡಿನಲ್ಲಿ ರಾತ್ರಿ ಇರೋಳು. ಕೈಯಲ್ಲಿರೋದು ಅಮೋಲೆಡ್ಡೇ. ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಲ್ಲ. ಅದರ ಬದಲು ಆಂಡ್ರಾಯ್ಡ್ 12ರಿಂದ ಬಂದಿರೋ ಎಕ್ಸ್‌ಟ್ರಾ ಡಿಮ್ ಹಾಕ್ತೀನಿ. ಅದು ದೀಪದ ಮಿಣುಕನ್ನ ಮುಟ್ಟದೆ ಚಿತ್ರವನ್ನೇ ಮಬ್ಬು ಮಾಡುತ್ತೆ. ಪುಟ ಅಷ್ಟು ಬೆಳ್ಳಗೆ ಕಾಣಲ್ಲ, ಆದ್ರೆ ಹುಬ್ಬು ಹಿಡಿಯಲ್ಲ.

ಕನ್ನಡಕದ_ಭಟ್ರು

ಸಿಸ್ಟರ್ ಹೇಳಿದ್ದು ಸರಿ ಉಂಟು. ಆದರೆ ಮಾರಾಯ್ರೆ, ಎಲ್ಲವನ್ನೂ ಪಿಡಬ್ಲ್ಯುಎಂ ತಲೆಗೆ ಕಟ್ಟಬೇಡಿ. ಮಂಗಳೂರಲ್ಲಿ ನನ್ನದು ಕಣ್ಣು ಪರೀಕ್ಷೆ ಮಾಡುವ ಕೆಲಸ. "ಹೊಸ ಫೋನು ತಗೊಂಡ ಮೇಲೆ ತಲೆನೋವು" ಅಂತ ಬರುವವರಲ್ಲಿ ಸುಮಾರು ಜನರಿಗೆ ಬೇಕಾಗಿರುವುದು ಓದುವ ಕನ್ನಡಕ. ನಲ್ವತ್ತು ದಾಟಿದ ಮೇಲೆ ಹತ್ತಿರದ್ದು ನೋಡಲು ಕಣ್ಣು ಒದ್ದಾಡುತ್ತದೆ. ಫೋನು ನೋಡುವಾಗ ರೆಪ್ಪೆ ಬಡಿಯುವುದೂ ಕಮ್ಮಿ, ಕಣ್ಣು ಒಣಗುತ್ತದೆ. ಕತ್ತಲೆಯಲ್ಲಿ ಓದಿದರೆ ಇನ್ನೂ ಹೆಚ್ಚು.

ಮೇಷ್ಟ್ರ ವಿಷಯದಲ್ಲಿ ಎಲ್‌ಸಿಡಿಯಲ್ಲಿ ನೋವಿಲ್ಲ, ಅಮೋಲೆಡ್‌ನಲ್ಲಿ ಮಾತ್ರ ಉಂಟು ಅಂತ ಆದರೆ ಸಿಸ್ಟರ್ ಮಾತಿಗೆ ತೂಕ ಬರುತ್ತದೆ. ಆದರೂ ಒಮ್ಮೆ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಬ್ಲೂ ಕಟ್ ಗ್ಲಾಸು ಹಾಕಿಸಿ ಅಂದರೆ ಮಾತ್ರ ದುಡ್ಡು ಬಿಚ್ಚಬೇಡಿ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಅದನ್ನು ಶಿಫಾರಸು ಮಾಡುವುದಿಲ್ಲ, ಪರದೆ ನೋಡಿ ಕಣ್ಣು ದಣಿಯುವುದು ನೀಲಿ ಬೆಳಕಿನಿಂದ ಅಲ್ಲ ಅಂತ ಅವರು ಹೇಳಿ ಆಗಿದೆ. ನಾನೇ ಕನ್ನಡಕ ಮಾರುವವ, ಹೇಳುತ್ತಿದ್ದೇನೆ ನೋಡಿ.

ಕಾಂಬೋ_ಕಾಕಾ

ಭಟ್ರ, ನಿಮ್ಮಂಥವ್ರು ನಮ್ಮ ಧಂದೇದಾಗೂ ಇಬ್ಬರು ಮೂವರು ಬೇಕಾಗಿತ್ರಿ 🙏

ಒತ್ತಕ್ಷರ

ಯಾರೂ ಕನ್ನಡ ಅಕ್ಷರದ ಮಾತೇ ಎತ್ತಲಿಲ್ಲ! ಡಿಟಿಪಿ ಮಾಡುವವನು ನಾನು, ನನಗೆ ಮೊದಲು ಕಾಣುವುದೇ ಅದು.

ಇಂಗ್ಲಿಷ್ ವಿಮರ್ಶೆಗಳಲ್ಲಿ 720 ಸಾಲಿನ (ಅಗಲಕ್ಕೆ 720 ಪಿಕ್ಸೆಲ್) ಸ್ಕ್ರೀನ್ ಬಗ್ಗೆ "ಓದಲು ತೊಂದರೆಯಿಲ್ಲ" ಅಂತ ಬರೆದುಬಿಡುತ್ತಾರೆ. ಅವರ ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತದೆ. ನಮಗೆ ಕೆಳಗೆ ಒತ್ತು, ಮೇಲೆ ಗುಡಿಸು. "ಸ್ವಾತಂತ್ರ್ಯ" ಎಂಬ ಪದ ತೆಗೆದುಕೊಳ್ಳಿ, ಕೊನೆಯ ಅಕ್ಷರದ ಕೆಳಗೆ ರ ಒತ್ತು, ಯ ಒತ್ತು ಎರಡೂ ಬರಬೇಕು. 6.7 ಇಂಚಿನ ಫೋನಿನಲ್ಲಿ 720×1600 ಇದ್ದರೆ ಇಂಚಿಗೆ ಸುಮಾರು 260 ಪಿಕ್ಸೆಲ್. ಅದೇ ಅಳತೆಯಲ್ಲಿ 1080×2400 ಇದ್ದರೆ ಸುಮಾರು 390. ಪಠ್ಯಪುಸ್ತಕದ ಪಿಡಿಎಫ್‌ನ ಇಡೀ ಪುಟ ಪರದೆಗೆ ಹಿಡಿಸಿ ನೋಡಿ. 260ರಲ್ಲಿ ಆ ಎರಡು ಒತ್ತು ಸೇರಿ ಒಂದು ಕಪ್ಪು ಗಂಟಾಗುತ್ತದೆ. ದ ಮತ್ತು ಧ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಗೆರೆ, ಅದು ಮಾಯ. ಓದುವವರು ಅಂದಾಜಿನ ಮೇಲೆ ಓದಿಕೊಂಡು ಹೋಗುತ್ತಾರೆ. ಟೈಪು ತಿದ್ದುವವರಿಗೆ, ಮೇಷ್ಟ್ರಿಗೆ ಆ ಅಂದಾಜು ಆಗಿಬರುವುದಿಲ್ಲ.

ಆದ್ದರಿಂದ ಎಲ್‌ಸಿಡಿಯಾಗಲಿ ಅಮೋಲೆಡ್ ಆಗಲಿ, ಮೊದಲು ಫುಲ್ ಎಚ್‌ಡಿ ಪ್ಲಸ್ (ಅಂದರೆ 1080 ಸಾಲು) ಇದೆಯೇ ನೋಡಿ. 15 ಸಾವಿರದೊಳಗಿನ ಎಲ್‌ಸಿಡಿಗಳಲ್ಲಿ "120 ಹರ್ಟ್ಸ್" (ಚಿತ್ರ ಸೆಕೆಂಡಿಗೆ 120 ಸಲ ಬದಲಾಗುವ ವೇಗ) ಎಂದು ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದು, 720 ಎಂಬುದನ್ನು ಒಳಗಿನ ಸಣ್ಣ ಅಕ್ಷರದಲ್ಲಿ ಬಚ್ಚಿಡುವುದು ಬಹಳ.

ಇನ್ನೊಂದು ಸೂಕ್ಷ್ಮ. ಎಲ್‌ಸಿಡಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಮೂರೂ ಇರುತ್ತವೆ. ಫೋನಿನ ಅಮೋಲೆಡ್‌ಗಳಲ್ಲಿ ಸಾಮಾನ್ಯವಾಗಿ ಪೆನ್‌ಟೈಲ್ ಜೋಡಣೆ: ಹಸಿರು ಎಲ್ಲ ಪಿಕ್ಸೆಲ್‌ಗೂ, ಕೆಂಪು ನೀಲಿ ಅರ್ಧಕ್ಕರ್ಧ. ಹಾಗಾಗಿ ಒಂದೇ ಸಂಖ್ಯೆಯ ಎಲ್‌ಸಿಡಿಯಲ್ಲಿ ಅಕ್ಷರದ ಅಂಚು ಒಂದು ಕೂದಲು ಹೆಚ್ಚು ಚೊಕ್ಕ. 390ರ ಹತ್ತಿರ ಇದು ಕಣ್ಣಿಗೆ ಗೊತ್ತಾಗುವುದು ಕಷ್ಟ, ಕೆಂಪು ಅಕ್ಷರವನ್ನು ಮೂಗಿನ ಹತ್ತಿರ ಹಿಡಿದರೆ ಕಂಡೀತು. 720ರ ಅಮೋಲೆಡ್ ಮಾತ್ರ ಯಾರಿಗೂ ಬೇಡ.

ಸಿಂಧನೂರು_ಭತ್ತ

ನಾನು ಬೆಳೆ ಸಮೀಕ್ಷೆಗೆ ಹೋಗ್ತೀನ್ರಿ, ಖಾಸಗಿ ನಿವಾಸಿ ಅಂತ ಹಳ್ಳಿಗೆ ನೇಮಿಸ್ತಾರಲ್ಲ, ಅದು. ಹೊಲದಾಗ ನಿಂತು ಸರ್ವೆ ನಂಬರ್ ನೋಡಿ ಬೆಳೆ ಫೋಟೋ ಹೊಡೆದು ಹಾಕಬೇಕು. ನೆರಳು ಅನ್ನೋದು ಇರಂಗಿಲ್ಲ. ಮೇಷ್ಟ್ರು ಟವೆಲ್ ಹಾಕ್ಕೊಂಡ್ರು, ನಾವು ಛತ್ರಿ ಹಿಡೀತೀವಿ.

ನನ್ನ ಅನುಭವ ಇಷ್ಟು. ಬಿಸಿಲಿಗೆ ಅಮೋಲೆಡ್ಡೇ ಮೇಲು. ಆದರ ಆಟೋ ಬ್ರೈಟ್‌ನೆಸ್ ಆನ್ ಇರಬೇಕು. ಬಹಳ ಮಂದಿ ಬ್ಯಾಟರಿ ತಿಂತದ ಅಂತ ಅದನ್ನ ಆಫ್ ಮಾಡಿ, ಕಡ್ಡಿ ಕೊನೀಗೆ ಎಳೆದು "ಕಾಣವಲ್ದು" ಅಂತಾರ. ಕೈಯಿಂದ ಎಳೆದ್ರ ಒಂದು ಮಿತಿತನಕ ಮಾತ್ರ ಹೋಗ್ತದ. ಬಿಸಿಲಿಗಂತ ಇರೋ ಹೆಚ್ಚಿನ ಬೆಳಕು ಬಹಳಷ್ಟು ಫೋನಿನಾಗ ಆಟೋದಾಗ ಇದ್ದಾಗಷ್ಟೇ ಬರ್ತದ.

ಇನ್ನೊಂದು, ಏಪ್ರಿಲ್ ಮೇ ತಿಂಗಳಾಗ ಹತ್ತು ನಿಮಿಷ ಬಿಸಿಲಾಗ ಹಿಡಿದ್ರ ಫೋನು ಕಾಯ್ತದ, ತಾನಾಗೇ ಬೆಳಕು ಇಳಿಸಿಬಿಡ್ತದ. ಯಾವ ಕಂಪನಿಯದಾದರೂ ಅಷ್ಟೇ. ದಪ್ಪ ರಬ್ಬರ್ ಕವರ್ ತೆಗೆದು ಹಿಡಿದ್ರ ಸ್ವಲ್ಪ ತಡೀತದ. ಮಳಿಗಾಲದಾಗ ಬೇರೆ ತ್ರಾಸ, ಒಂದು ಹನಿ ಬಿದ್ರ ಸಾಕು ಟಚ್ ತಾನೇ ಎಲ್ಲೆಲ್ಲೋ ಒತ್ತಿಕೊಳ್ತದ. ಅದಕ್ಕ ಎಲ್‌ಸಿಡಿ ಅಮೋಲೆಡ್ ಭೇದ ಇಲ್ಲ.

ಜಯನಗರ_ಗ್ಯಾಜೆಟ್

ಅಣ್ಣಾ, ನಿಟ್ಸ್ (ಪರದೆ ಎಷ್ಟು ಹೊಳೆಯುತ್ತೆ ಅನ್ನೋ ಅಳತೆ) ನೋಡಿ ತಗೊಂಡ್ರೆ ಆಯ್ತಲ್ಲ. ರಿಯಲ್‌ಮಿ ಜಿಟಿ 6ರಲ್ಲಿ 6000 ನಿಟ್ಸ್ ಇದೆ! ನಮ್ಮ ಮೇಷ್ಟ್ರ ಬಜೆಟ್‌ಗೆ ಬರಲ್ಲ, ಆದ್ರೂ ಈ ಬೆಲೆಯಲ್ಲೂ 2000 ನಿಟ್ಸ್ ಸಿಗುತ್ತೆ.

ಪಿಕ್ಸೆಲ್_ಪುರಾಣ

ಆ 6000 ಯಾವಾಗ ಬರುತ್ತೆ ಅಂತ ಕೇಳಿ. ಪೀಕ್ ಅಂತ ಹೇಳೋದು ಪರದೆಯ ಒಂದು ಪುಟ್ಟ ಮೂಲೆ ಮಾತ್ರ ಹೊಳೆದಾಗ, ಎಚ್‌ಡಿಆರ್ ವಿಡಿಯೋದಲ್ಲಿ ಸೂರ್ಯನ ಚುಕ್ಕೆ ಕಂಡಾಗ. ಸಮೀಕ್ಷೆಯ ಆ್ಯಪ್ ಬಿಳಿ ಪುಟ, ಇಡೀ ಪರದೆ ಹೊಳೀಬೇಕು. ಅಲ್ಲಿ ಸಿಗೋದು ಈ ದರ್ಜೆಯ ಫೋನ್‌ಗಳಲ್ಲಿ ಸಾವಿರದ ಆಸುಪಾಸು. ಕಂಪನಿ ಕೊಡೋ ಮಾಹಿತಿಯಲ್ಲಿ ಎಚ್‌ಬಿಎಂ (ಹೈ ಬ್ರೈಟ್‌ನೆಸ್ ಮೋಡ್) ಅಂತ ಒಂದು ಸಂಖ್ಯೆ ಬೇರೆ ಇರುತ್ತೆ, ಅದನ್ನ ನೋಡಿ. ಪೀಕ್ ಅನ್ನೋದನ್ನ ಓದದೆ ಮುಂದಕ್ಕೆ ಹೋಗಿ.

ಇನ್ನು ಬಿಸಿಲಲ್ಲಿ ಶತ್ರು ಎರಡು, ಬಿಸಿಲಿನ ಪ್ರಖರತೆ ಮತ್ತು ಗಾಜಿನ ಪ್ರತಿಫಲನ. ಆಫೀಸಿನ ಬೆಳಕು 300ರಿಂದ 500 ಲಕ್ಸ್ (ಮೇಲೆ ಬೀಳೋ ಬೆಳಕಿನ ಅಳತೆ), ನಡುಹಗಲ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತೆ. ಅದರಲ್ಲಿ ಗಾಜಿಗೆ ಬಡಿದು ಪ್ರತಿಫಲಿಸೋ ಒಂದು ಸಣ್ಣ ಪಾಲೇ ಪರದೆಯ ಬೆಳಕನ್ನ ಮುಳುಗಿಸಿಬಿಡುತ್ತೆ. ನಿಟ್ಸ್ ಏರಿಸೋಕಿಂತ ಪ್ರತಿಫಲನ ಇಳಿಸೋದು ಜಾಣತನ. 2024ರ ಗ್ಯಾಲಕ್ಸಿ ಎಸ್24 ಅಲ್ಟ್ರಾದ ಗಾಜು ಪ್ರತಿಫಲನವನ್ನ ಶೇ 75ರವರೆಗೆ ಕಮ್ಮಿ ಮಾಡುತ್ತೆ ಅಂತ ಆ ಗಾಜು ಮಾಡೋ ಕಾರ್ನಿಂಗ್ ಕಂಪನಿಯವರು ಹೇಳಿದ್ರು. ಅದರ ಮೇಲೆ ನೂರು ರೂಪಾಯಿ ಟೆಂಪರ್ಡ್ ಗ್ಲಾಸ್ ಅಂಟಿಸಿದ್ರೆ ಆ ಲಾಭವೆಲ್ಲ ಹೋಯ್ತು, ಅದು ಬೇರೆ ಮಾತು.

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕೋರು ಅದನ್ನ ಹಾಕ್ಕೊಂಡೇ ಅಂಗಡಿಗೆ ಹೋಗಿ. ಫೋನನ್ನ ನೆಟ್ಟಗೆ ಹಿಡಿದೂ, ಅಡ್ಡ ಹಿಡಿದೂ ನೋಡಿ. ಯಾವುದೋ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗೋ ಫೋನ್‌ಗಳಿವೆ, ಎರಡೂ ಜಾತಿಯಲ್ಲಿ.

ಮ್ಯಾಪ್_ಸವಾರ

ನಮ್ದು ಬೆಂಗ್ಳೂರು, ಕ್ಯಾಬ್ ಓಡಿಸ್ತೀನಿ. ಒಂದೇ ಮಾತು. ದಿನವಿಡೀ ಮ್ಯಾಪ್ ಹಾಕೋರು ಅಮೋಲೆಡ್ ತಗೊಳ್ಳೋ ಮುಂಚೆ ಯೋಚ್ನೆ ಮಾಡಿ. ನನ್ ಫೋನಲ್ಲಿ ಮ್ಯಾಪಿನ ಮೇಲಿರೋ ಪಟ್ಟಿ, ಕೆಳಗಿನ ಬಟನ್ನು, ಎಲ್ಲಾ ಅಚ್ಚೊತ್ತಿದಂಗೆ ಕೂತ್ಬಿಟ್ಟೈತೆ. ಸಿನಿಮಾ ನೋಡುವಾಗ ಹೀರೋ ಮುಖದ ಮೇಲೆ "ಮನೆ" ಬಟನ್ ಗುರುತು ಕಾಣ್ಸುತ್ತೆ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು, ಫುಲ್ ಬ್ರೈಟ್‌ನೆಸ್, ಚಾರ್ಜಿಂಗ್, ಮೂರೂ ಒಟ್ಟಿಗೆ. ಈಗ ಗಾಡಿಗೆ ಅಂತ್ಲೇ ಹಳೆ ಎಲ್‌ಸಿಡಿ ಫೋನ್ ಇಟ್ಕೊಂಡಿದೀನಿ.

ಪಿಕ್ಸೆಲ್_ಪುರಾಣ

ಸವಾರರು ಹೇಳಿದ ಮೂರೂ ಸೇರಿದ್ರೆ ಬರ್ನ್-ಇನ್‌ಗೆ (ಹೀಗೆ ಚಿತ್ರ ಅಚ್ಚೊತ್ತಿ ಕೂರೋದಕ್ಕೆ) ಅದಕ್ಕಿಂತ ಅನುಕೂಲ ಬೇರೆ ಬೇಡ. ಸಾವಯವ ವಸ್ತು ಉರಿದಷ್ಟೂ ಸವೆಯುತ್ತೆ, ನೀಲಿ ಎಲ್ಲಕ್ಕಿಂತ ಬೇಗ. ಒಂದೇ ಜಾಗದಲ್ಲಿ ಒಂದೇ ಚಿತ್ರ ನಿಂತ್ರೆ ಅಲ್ಲಿನ ದೀಪಗಳು ಅಕ್ಕಪಕ್ಕದವಕ್ಕಿಂತ ಬೇಗ ಮಂಕಾಗುತ್ತವೆ. ಮೇಷ್ಟ್ರ ಬಳಕೆಗೆ ಇದರ ಭಯ ಅಷ್ಟಿಲ್ಲ. ಕೆಳಗಿನ ಮೂರು ಬಟನ್ ತೆಗೆದು ಗೆಸ್ಚರ್ ಹಾಕ್ಕೊಳ್ಳಿ, ಕೀಬೋರ್ಡ್ ಡಾರ್ಕ್ ಥೀಮ್ ಇಡಿ, ಸಾಕು. 2024ರ ಐಪ್ಯಾಡ್ ಪ್ರೋದಲ್ಲಿ ಬೆಳಕಿನ ಪದರ ಎರಡು ಇಟ್ಟಿದ್ದಾರೆ. ಹೊರೆ ಎರಡಕ್ಕೂ ಹಂಚಿಹೋಗೋದ್ರಿಂದ ಸವೆತ ನಿಧಾನ. ಅದು ನಮ್ಮ ಬೆಲೆಗೆ ಇಳಿಯೋಕೆ ಕಾಯಬೇಕು.

ಸೆಕೆಂಡ್ ಹ್ಯಾಂಡ್ ಅಮೋಲೆಡ್ ನೋಡೋರು ಇಡೀ ಪರದೆಗೆ ಬೂದು ಬಣ್ಣದ ಚಿತ್ರ ಹಾಕಿ ನೋಡಿ. ಬಿಳಿಯಲ್ಲಿ ಅಡಗೋ ಗುರುತು ಬೂದಿಯಲ್ಲಿ ಎದ್ದು ಕಾಣುತ್ತೆ.

ಕಾಂಬೋ_ಕಾಕಾ

ಹಸಿರು ಗೆರಿ ಮಾತು ಯಾರೂ ತಗೀಲಿಲ್ಲ. ನೆಟ್ಟಗ ಮ್ಯಾಲಿಂದ ಕೆಳಗ ಒಂದು ಹಸಿರು, ಇಲ್ಲಂದ್ರ ಗುಲಾಬಿ ಗೆರಿ. ಬಿದ್ದಿರಂಗಿಲ್ಲ, ನೀರ್ ಹೋಗಿರಂಗಿಲ್ಲ. "ಅಪ್‌ಡೇಟ್ ಹಾಕಿದೆ, ಬೆಳಗಾಗೂದ್ರಾಗ ಗೆರಿ ಬಂತು" ಅಂತ ಬರ್ತಾರ. ಡಿಸ್‌ಪ್ಲೇ ಅಂಚಿನಾಗ ತೆಳು ಪಟ್ಟಿ ಇರ್ತೈತಿ, ಅದರ ಜೋಡಣಿ ಕೂದಲಿನಂಥಾ ತಂತಿಗೋಳು. ಕಾವಿಗೆ ಅದರಾಗ ಒಂದು ಬಿಡ್ತಂದ್ರ ಆ ಸಾಲು ಪೂರಾ ಹೋತು. ಗಿರಾಕಿ ಗದ್ಲ ಮಾಡಿದ ಮ್ಯಾಲೆ ಕೆಲವು ಕಂಪನಿಯವ್ರು ಕೆಲವು ಮಾಡೆಲ್ಲಿಗೆ ವಾರಂಟಿ ಮುಗದಿದ್ರೂ ಪುಕಟ್ ಬದ್ಲಿ ಮಾಡಿಕೊಟ್ಟಾರ. ಅದಕ್ಕ ಬಂದ ಕೂಡ್ಲೇ ನಮ್ಮಂಥ ಅಂಗಡ್ಯಾಗ ಬಿಚ್ಚಸಬ್ಯಾಡ್ರಿ, ಮೊದ್ಲ ಕಂಪನಿ ಸರ್ವಿಸ್ ಸೆಂಟರಿಗೆ ಹೋಗ್ರಿ. ಬಿಚ್ಚಿದ ಫೋನ್ ಅವ್ರು ಮುಟ್ಟಂಗಿಲ್ಲ. ಬಿಲ್ ಇಟ್ಕೋರಿ.

ಬಾಗಿದ ಅಂಚಿನ ಫೋನ್ ತಗೋಬ್ಯಾಡ್ರಿ ಅಂತ ಕೈಮುಗದು ಹೇಳ್ತೇನಿ. ಅದಕ್ಕ ಯುವಿ ಬೆಳಕಿನಾಗ ಅಂಟು ಗಟ್ಟಿ ಮಾಡಿ ಕೂಡಸೋ ಯುವಿ ಗ್ಲಾಸ್ ಬೇಕು, ಅಂಟು ನೀರಿನಂಗ ಇರ್ತೈತಿ, ಸ್ಪೀಕರ್ ಜಾಳಗಿಯೊಳಗ ಇಳದು ಆವಾಜ ಕಟ್ಟಿದ ಫೋನ್ ನನ್ನ ಟೇಬಲ್ ಮ್ಯಾಲ ಯಾವಾಗ್ಲೂ ಒಂದಿರ್ತೈತಿ.

ಕಾಲೇಜ್_ಹುಡ್ಗ_03

120 vs 144 ಹರ್ಟ್ಸ್ ಬಗ್ಗೆ ಯಾರಾದ್ರೂ ಹೇಳಿ ಪ್ಲೀಸ್. ಎಲ್‌ಟಿಪಿಒ ಬೇಕಾ?

ಪಿಕ್ಸೆಲ್_ಪುರಾಣ

60ರಿಂದ 90ಕ್ಕೆ ಹೋದ್ರೆ ಎಲ್ಲರಿಗೂ ಗೊತ್ತಾಗುತ್ತೆ. 120ರಿಂದ 144ಕ್ಕೆ ಹೋದ್ರೆ ಜಾಹೀರಾತು ಬರೆದವನಿಗೆ ಗೊತ್ತಾಗುತ್ತೆ. ಎಲ್‌ಟಿಪಿಒ ಅಂದ್ರೆ ಪರದೆ ಸುಮ್ಮನಿದ್ದಾಗ 1 ಹರ್ಟ್ಸ್‌ವರೆಗೂ ಇಳಿದು ಬ್ಯಾಟರಿ ಉಳಿಸೋ ಜಾತಿ. 20 ಸಾವಿರದಲ್ಲಿ ಅದನ್ನ ಹುಡುಕಬೇಡಿ, ಇಲ್ಲಿರೋದು ಎಲ್‌ಟಿಪಿಎಸ್, 60, 90, 120 ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತೆ. ಹರ್ಟ್ಸ್ ಅಂದ ತಕ್ಷಣ ಸಿಸ್ಟರ್ ಹೇಳಿದ ಪಿಡಬ್ಲ್ಯುಎಂ ಜೊತೆ ಕಲಸಿಕೊಳ್ಳಬೇಡಿ. ಒಂದು ಚಿತ್ರ ಬದಲಾಗೋ ವೇಗ, ಇನ್ನೊಂದು ದೀಪ ಮಿಣುಕೋ ವೇಗ.

ಒತ್ತಕ್ಷರ

ಓದುವುದೇ ಮುಖ್ಯ ಅನ್ನುವವರಿಗೆ ಇನ್ನೊಂದು ದಾರಿ ಇದೆ. 2025ರ ಮೇನಲ್ಲಿ ಅಲ್ಕಾಟೆಲ್ ಹೆಸರಿನಲ್ಲಿ ವಿ3 ಪ್ರೋ, ವಿ3 ಅಲ್ಟ್ರಾ ಎಂಬ ಫೋನ್‌ಗಳು ಭಾರತಕ್ಕೆ ಬಂದವು. ಟಿಸಿಎಲ್‌ನ ನೆಕ್ಸ್ಟ್‌ಪೇಪರ್ ಪರದೆ, ಅಂದರೆ ಹೊಳಪಿಲ್ಲದ, ಕಾಗದದಂತೆ ಒರಟು ಮೇಲ್ಮೈಯ ಎಲ್‌ಸಿಡಿ. ಬಣ್ಣ ಮಂಕು, ಸಿನಿಮಾ ಪ್ರಿಯರಿಗೆ ಸಪ್ಪೆ. ಆದರೆ ಟ್ಯೂಬ್‌ಲೈಟ್ ಕೆಳಗೆ ಕೂತು ಓದುವಾಗ ದೀಪದ ಪ್ರತಿಬಿಂಬ ಅಕ್ಷರದ ಮೇಲೆ ಕೂರುವುದಿಲ್ಲ. ಪ್ರೋದಲ್ಲಿ 720 ಸಾಲು, ಅಲ್ಟ್ರಾದಲ್ಲಿ 1080. ನಾನು ಮೇಲೆ ಹೇಳಿದ ಕಾರಣಕ್ಕೆ ಎರಡನೆಯದನ್ನೇ ನೋಡಿ.

ದುರ್ಗದ_ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ಬೆಳಿಗ್ಗೆ ಶಾಲೆ ಮುಗಿಸಿ ಪೇಟೆಗೆ ಹೋದೆ. ಸಿಸ್ಟರ್ ಹೇಳಿದ ಶಟರ್ ಪರೀಕ್ಷೆ ಅಲ್ಲೇ ಕೌಂಟರ್ ಮೇಲೆ ಮಾಡಿದೆ. ಪಕ್ಕಪಕ್ಕ ಇಟ್ಟ ಎರಡು ಅಮೋಲೆಡ್‌ಗಳಲ್ಲಿ ಒಂದರ ಮೇಲೆ ಬೆರಳಗಲ ಕಪ್ಪು ಪಟ್ಟೆ ಓಡಾಡ್ತಿತ್ತು, ಇನ್ನೊಂದರಲ್ಲಿ ಕಣ್ಣು ಕಿರಿದು ಮಾಡಿ ನೋಡಿದ್ರೆ ಮಾತ್ರ ಎಳೆ ಎಳೆ ಗೆರೆ. ಬೆಲೆಯಲ್ಲಿ ಪಟ್ಟೆ ಇರೋದೇ ಸಾವಿರ ರೂಪಾಯಿ ಜಾಸ್ತಿ! ಅಂಗಡಿ ಹುಡುಗ ತನ್ನ ಫೋನನ್ನೂ ಪರೀಕ್ಷೆ ಮಾಡಿಸ್ಕೊಂಡ.

ಎರಡನೇದನ್ನ ಬಾಗಿಲಾಚೆ ಬಿಸಿಲಿಗೆ ತಂದು "ಸ್ವಾತಂತ್ರ್ಯ" ಟೈಪ್ ಮಾಡಿ ನೋಡಿದೆ, ಎರಡು ಒತ್ತೂ ಬಿಡಿಬಿಡಿಯಾಗಿ ಕಂಡವು. ಚಪ್ಪಟೆ ಪರದೆ, ಫುಲ್ ಎಚ್‌ಡಿ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ರೆ ಡಿಸ್‌ಪ್ಲೇಗೆ 5,800 ಅಂದ್ರು. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ತಗೊಳ್ತೀನಿ. ಭಟ್ರ ಮಾತಿನಂತೆ ಕಣ್ಣಿನ ಪರೀಕ್ಷೆಗೂ ಹೆಸರು ಬರೆಸಿದ್ದೀನಿ.

ಒಂದು ಪ್ರಶ್ನೆ ಉಳೀತು. ಹಳೆ ಎಲ್‌ಸಿಡಿ ಫೋನನ್ನ ಎಕ್ಸ್‌ಚೇಂಜ್‌ಗೆ ಹಾಕಿದ್ರೆ 2,200 ಕೊಡ್ತಾರಂತೆ. ಅಮ್ಮನಿಗೆ ಕೊಡೋಣ ಅಂದ್ರೆ ಬ್ಯಾಟರಿ ಸತ್ತಿದೆ. ಅವರು ಬೆಳಗಿಂದ ಸಂಜೆವರೆಗೂ ಯೂಟ್ಯೂಬ್‌ನಲ್ಲಿ ಭಜನೆ ಹಾಕಿಟ್ಟು ಅಡುಗೆಮನೆ ಕಟ್ಟೆ ಮೇಲೆ ಬಿಟ್ಟಿರ್ತಾರೆ.

ಮ್ಯಾಪ್_ಸವಾರ

ಮಾರ್ಬೇಡಿ ಸರ್. ಒಂದೇ ಚಿತ್ರ ದಿನವಿಡೀ ನಿಲ್ಲೋ ಕೆಲಸಕ್ಕೆ ಎಲ್‌ಸಿಡಿನೇ ಲಾಯಕ್ಕು. ಅಮ್ಮನಿಗೆ ಕೊಡಿ.

ಕಾಂಬೋ_ಕಾಕಾ

ಹೌದ್ರಿ. ಬ್ಯಾಟರಿ 900ರಿಂದ 1,200, ಚಾರ್ಜಿಂಗ್ ಪಿನ್ ಇನ್ನೊಂದು 300. ದುರ್ಗದಾಗ ಮಾಡಿಸ್ರಿ, ಹುಬ್ಬಳ್ಳಿಗೆ ಬರಬೇಕಂತಿಲ್ಲ. ಬ್ಯಾಟರಿ ಹಾಕೋ ಮುಂದ ಹಳೇದು ಉಬ್ಬೇತೇನು ನೋಡಾಕ ಹೇಳ್ರಿ, ಉಬ್ಬಿದ್ರ ಡಿಸ್‌ಪ್ಲೇ ಒಳಗಿಂದ ಎತ್ತಿರ್ತೈತಿ, ಹಿಂದಿನ ಮುಚ್ಚಳಾ ಒತ್ತಿ ಹಚ್ಚೋ ಮುಂದ ಎಲ್‌ಸಿಡಿ ಸೀಳತೈತಿ. ಅಡಗಿಮನ್ಯಾಗ ಒಲಿ ಬಾಜೂ ಇಟ್ಟು ಚಾರ್ಜ್ ಹಾಕಬ್ಯಾಡ್ರಿ ಅಂತ ಅಮ್ಮಾರಿಗೆ ಹೇಳ್ರಿ.